ಶೇಖಮ್ಮನ ಕುಳ್ಳ ನವಿಲು

ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಶೇಖಮ್ಮ ಪೆನ್ಸಿಲು ಕೆತ್ತುತ್ತಿದ್ದಳು. ಅದು ೧೩೫೩ ಫಸಲಿಯ ಬಹಮನ್ ತಿಂಗಳು. ಇಂಗ್ಲಿಷ್ ಲೆಕ್ಕದಲ್ಲಿ ೧೯೪೩ರ ಡಿಸೆಂಬರ್ ನಡುಭಾಗ. ವೇಳೆಯ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಅವಳ ಚೌಕಳಿ ಪುಸ್ತಕದ ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಕೆಲಸಕ್ಕೆ ಕುಳಿತ ವೇಳೆ ಇದೆ, ಕೆಳತುದಿಯಲ್ಲಿ ಎದ್ದ ವೇಳೆ ಇದೆ. ಆ ದಿನದ ಹಾಳೆಯಲ್ಲಿ ಮೇಲಿನದು ಮಾತ್ರ ಇದೆ. ನಡುವೆ ಒಂದು ಚೌಕವೂ ತುಂಬಿಲ್ಲ.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಆ ಹೊತ್ತಿಗೆ ಎಲ್ಲ ಮನೆಯ ಮಗ್ಗಗಳೂ ಸದ್ದು ಮಾಡುತ್ತಿದ್ದವು. ಶೇಖಮ್ಮನ ಗಂಡ ಮಲ್ಲಣ್ಣ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದ. ಪಡಸಾಲೆಯ ಹೊರಸಿನ ಮೇಲೆ ಅವಳ ಮಾವ ದೇವೇಂದ್ರಪ್ಪ ಕಂಬಳಿ ಹೊದ್ದು ಕುಳಿತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಅವರ ಜೇಬುಗಡಿಯಾರವನ್ನು ಓದಿ ಹೇಳುವ ಕೆಲಸ ಹಿರಿಯ ಸೊಸೆಯದು.

"ಎಷ್ಟಾತವ್ವಾ ಟೈಮು?"

"ಏಳಕ್ಕ ಹತ್ತು ಕಮ್ಮಿರಿ, ಮಾವಾರೀ."

"ಹಾಳ್ಯಾಗ ಎಷ್ಟು ಮನಿ ತುಂಬಿದಿ?"

"ಪೆನ್ಸಿಲ್ ಕೆತ್ತಾಕತ್ತೀನ್ರಿ."

"ನಿನ್ನೆನೂ ಅದನ್ನ ಕೆತ್ತಿದ್ದಿ."

ಮಗ್ಗದ ಕುಣಿಯಿಂದ ಮಲ್ಲಣ್ಣ ಕೂಗಿದ. "ಕೆತ್ತಲಿ ಬಿಡಪ್ಪಾ. ಯುದ್ಧದಾಗ ಪೆನ್ಸಿಲ್ ಸಿಗವಲ್ವು, ಈಕಿ ಅದನ್ನ ಕಡ್ಡಿ ಮಾಡಿ ಹಲ್ಲಾಗ ಇಟ್ಕೋತಾಳ."

ಶೇಖಮ್ಮ ಕೆತ್ತುತ್ತಲೇ ಇದ್ದಳು. ಅವಳ ಕಣ್ಣು ಒಲೆಯ ಕಡೆಗಿತ್ತು. ಅಲ್ಲಿ ಅವಳ ಮೈದುನನ ಹೆಂಡತಿ ಸುಗುಣಮ್ಮ, ಎಡಗೈಯಲ್ಲಿ ಅಂಬಲಿ ತಿರುವುತ್ತ, ಬಲಗೈಯಲ್ಲಿ ಇದ್ದಿಲ ಚೂರು ಹಿಡಿದು ನೆಲದ ಮೇಲೆ ಗಿಣಿಯೊಂದನ್ನು ಬಿಡಿಸುತ್ತಿದ್ದಳು. ಅಂಬಲಿ ಕುದಿಯುವಷ್ಟರಲ್ಲಿ ಗಿಣಿ ಮುಗಿಯಿತು. ಮುಗಿದ ಮೇಲೆ ಸುಗುಣಮ್ಮ ಅದನ್ನು ಕಾಲಿನಿಂದ ಒರೆಸಿಹಾಕಿದಳು, ಏನೂ ಆಗಿಲ್ಲವೆಂಬಂತೆ. ಬಿಡಿಸಿದ್ದಕ್ಕಿಂತ ಒರೆಸಿದ್ದು ಶೇಖಮ್ಮನ ಹೊಟ್ಟೆಯನ್ನು ಹೆಚ್ಚು ಸುಟ್ಟಿತು. ಏಳು ಇಪ್ಪತ್ತೈದಕ್ಕೆ ಅವಳು ಪೆನ್ಸಿಲು ಕೆಳಗಿಟ್ಟಾಗ ಆರು ಬೆರಳುದ್ದ ಇದ್ದದ್ದು ಐದು ಬೆರಳಾಗಿತ್ತು.

ಶೇಖಮ್ಮನಿಗೆ ಆಗ ಇಪ್ಪತ್ತೇಳು ವರ್ಷ. ತವರು ಉಟ್ಕೂರು. ಹದಿಮೂರು ವರ್ಷಗಳಿಂದ ಈ ಮನೆಯಲ್ಲಿ ಅವಳ ಕೆಲಸ ಹಾಸಿನ, ಎಂದರೆ ಬಟ್ಟೆಯ ಉದ್ದಕ್ಕೆ ಹೋಗುವ, ಎಳೆಗಳನ್ನು ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಒಂದೊಂದಾಗಿ ತೂರಿಸುವುದು. ಸೀರೆಯ ಅಗಲ ನಲವತ್ತಾರು ಇಂಚು, ಇಂಚಿಗೆ ಎಪ್ಪತ್ತೆರಡು ಎಳೆ; ಒಟ್ಟು ಮೂರು ಸಾವಿರದ ಮುನ್ನೂರ ಹನ್ನೆರಡು. ಎರಡೂವರೆ ದಿನದಲ್ಲಿ ಅವಳು ಅಷ್ಟನ್ನೂ ತೂರಿಸುತ್ತಿದ್ದಳು, ಒಂದೂ ತಪ್ಪದೆ, ಒಂದು ಸಲವೂ ನಾಳೆಗೆಂದು ಬಿಡದೆ. ಅಕ್ಷರ ಬಾರದಿದ್ದರೂ ಅಂಕಿ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಮಾವನ ಹಲಗೆ. ಎರಡು ಮೊಳ ಉದ್ದದ ಬೇವಿನ ಹಲಗೆ ಅದು. ದೇವೇಂದ್ರಪ್ಪ ಮೂವತ್ತು ವರ್ಷ ಅದರ ಮುಂದೆ ಕುಳಿತು ತಮ್ಮ ಮನೆಗೂ ಓಣಿಯ ಇನ್ನೇಳು ಮಗ್ಗಗಳಿಗೂ ಸೆರಗಿನ ನಕ್ಷೆ ಬರೆದುಕೊಟ್ಟಿದ್ದರು. ಚೌಕಳಿ ಕಾಗದದ ಒಂದೊಂದು ಚೌಕವನ್ನು ಅವರು ಮನೆ ಎನ್ನುತ್ತಿದ್ದರು. ಮನೆ ತುಂಬಿದ್ದರೆ ಅಲ್ಲಿ ಬಣ್ಣದ ಎಳೆ ಕಾಣುತ್ತದೆ, ಖಾಲಿ ಇದ್ದರೆ ಇಲ್ಲ. ನೇಯುವವನು ಆ ಕಾಗದ ನೋಡಿ ನೇಯುತ್ತಾನೆ, ಮರುಮಾತಾಡುವುದಿಲ್ಲ. ಹಲಗೆಯ ಮುಂದೆ ಕುಳಿತವರ ಹೆಸರಿನಿಂದಲೇ ಓಣಿಯಲ್ಲಿ ಸೀರೆಯನ್ನು ಗುರುತಿಸುತ್ತಿದ್ದರು. ಹದಿಮೂರು ವರ್ಷ ಲಕ್ಷಗಟ್ಟಲೆ ಎಳೆ ತೂರಿಸಿದ ಶೇಖಮ್ಮನ ಹೆಸರಿನಲ್ಲಿ ಒಂದು ಸೀರೆಯೂ ಇರಲಿಲ್ಲ.

ಕಣ್ಣು ಮಂಜಾದಾಗ ದೇವೇಂದ್ರಪ್ಪ ಮೊದಲು ಮಕ್ಕಳನ್ನು ಕರೆದರು. ಮಲ್ಲಣ್ಣನಿಗೂ ಅವನ ತಮ್ಮ ವೀರಯ್ಯನಿಗೂ ಕುಳಿತು ಬರೆಯುವ ತಾಳ್ಮೆ ಇರಲಿಲ್ಲ. ಶೇಖಮ್ಮ ತಾನೇ ಕೇಳಿಕೊಂಡಳು. "ನಾ ಕಲೀತೀನ್ರಿ ಮಾವಾರೀ." ಅವರು ಒಪ್ಪಿದರು. ಆಮೇಲಿನ ಎರಡು ವರ್ಷದಲ್ಲಿ ಅವಳು ತುಂಬಿದ್ದು ಹನ್ನೊಂದು ಹಾಳೆ.

ಕಾರಣಗಳಿಗೆ ಕೊರತೆ ಇರಲಿಲ್ಲ. ಮೋಡವಿದೆ, ಬೆಳಕು ಸಾಲದು. ಬಿಸಿಲಿದೆ, ಕಾಗದ ಕಣ್ಣಿಗೆ ಹೊಡೆಯುತ್ತದೆ. ಮಕ್ತಲದಿಂದ ಹೊಸ ಕಾಗದ ಬರಲಿ. ಬಂದ ಕಾಗದ ಇಷ್ಟು ಬಿಳಿ ಇದೆ, ಹೊಲಸು ಮಾಡುವುದು ಹೇಗೆ. ಹಲಗೆ ತೊಳೆಯಬೇಕು. ತೊಳೆದ ಹಲಗೆ ಒಣಗಬೇಕು. ಇಷ್ಟೆಲ್ಲ ಆದ ಮೇಲೂ ಕುಳಿತರೆ ಕಣ್ಣಮುಂದೆ ಬರುತ್ತಿದ್ದದ್ದು ಇಡೀ ನವಿಲು: ಗರಿ, ಕೊಕ್ಕು, ಜುಟ್ಟು, ಎಲ್ಲ ಒಟ್ಟಿಗೆ. ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಅವಳು ಮತ್ತೆ ಪೆನ್ಸಿಲು ಕೆತ್ತಲು ತೆಗೆದುಕೊಳ್ಳುತ್ತಿದ್ದಳು.

ಆ ವರ್ಷದ ದೀಪಾವಳಿಗೆ ಮುಂಚೆ ವೀರಯ್ಯನನ್ನು ಮದುವೆಯಾಗಿ ಸುಗುಣಮ್ಮ ಗದ್ವಾಲದಿಂದ ಬಂದಳು. ಹತ್ತೊಂಬತ್ತು ವರ್ಷ, ಬಾಯಲ್ಲಿ ಅರ್ಧ ತೆಲುಗು. ಅವಳ ತಂದೆಯೂ ನಕ್ಷೆ ಬರೆಯುವವರೇ. ಬಂದ ಹದಿನೈದು ದಿನದಲ್ಲಿ, ಯಾರೂ ಹೇಳದೆ, ಮಾವನ ಕಾಗದದಲ್ಲಿ ಹತ್ತೊಂಬತ್ತು ಹಾಳೆ ತುಂಬಿದಳು. ಹನ್ನೊಂದು ಮತ್ತು ಹತ್ತೊಂಬತ್ತು. ಈ ಎರಡು ಅಂಕಿಗಳನ್ನು ಶೇಖಮ್ಮ ರೊಟ್ಟಿ ತಟ್ಟುವಾಗಲೂ ಎಣಿಸುತ್ತಿದ್ದಳು. ದೇವೇಂದ್ರಪ್ಪ ಸುಗುಣಮ್ಮನ ಹಾಳೆಯನ್ನು ಮೂಗಿಗೆ ಮೂರು ಬೆರಳು ದೂರದಲ್ಲಿ ಹಿಡಿದು, "ಈ ಹಕ್ಕಿ ಹಾರ್ತೈತಿ ನೋಡವ್ವಾ" ಎಂದಿದ್ದರು. ಶೇಖಮ್ಮನ ಹಾಳೆ ನೋಡಿ ಅವರು ಹೇಳುತ್ತಿದ್ದದ್ದು, "ಗೆರಿ ಸೊಟ್ಟ ಇಲ್ಲ" ಎಂದಷ್ಟೆ.

ಪೆನ್ಸಿಲು ಐದು ಬೆರಳಿಗೆ ಇಳಿದ ಆ ಬೆಳಿಗ್ಗೆ ದೇವೇಂದ್ರಪ್ಪ ಅವಳನ್ನು ಹೊರಸಿನ ಹತ್ತಿರ ಕರೆದರು.

"ಹಣಿಗಿ ತುಂಬುವಾಗ ಮೂರು ಸಾವಿರ ಎಳಿ ಒಮ್ಮೆಗೇ ತೂರಸ್ತಿಯೇನು?"

"ಇಲ್ರಿ. ಒಂದಾದ ಮ್ಯಾಲ ಒಂದು."

"ಮತ್ತ ನವಿಲ್ಯಾಕ ಒಮ್ಮೆಗೇ ತೆಗೀಬೇಕಂತಿ? ನಾಳಿಂದ ನವಿಲು ಬ್ಯಾಡ. ದಿನಾ ಹತ್ತು ಮನಿ ತುಂಬು. ಕೊಕ್ಕಾಗ್ಲಿ, ಎಲಿ ತುದಿಯಾಗ್ಲಿ, ಹತ್ತು ಮನಿ. ಹನ್ನೊಂದನೇದು ತುಂಬಿದಿ ಅಂದ್ರ ಬೈತೀನಿ."

"ಸುಗುಣಮ್ಮಗೂ ಹತ್ತೇನ್ರಿ?"

ಮುದುಕರು ನಕ್ಕರು. "ಆಕಿ ಮಾತು ಬಿಡು. ಆಕಿ ಕೈಯಾಗ ಐತಿ."

ಅವಳ ಕೈಯಲ್ಲಿದೆ. ಹಾಗಾದರೆ ನನ್ನ ಕೈಯಲ್ಲಿ ಏನಿದೆ? ಶೇಖಮ್ಮ ಅಂದು ನೀರು ಸೇದುವಾಗ ಅಂಗೈ ತಿರುಗಿಸಿ ನೋಡಿಕೊಂಡಳು. ನೂಲು ಎಳೆದೆಳೆದು ತೋರುಬೆರಳಿನ ಮೇಲೆ ಬಿದ್ದ ಗೀರು ಮಾತ್ರ ಕಂಡಿತು.

ಮರುದಿನ ಆರೂವರೆಗೆ ಕುಳಿತು ಹತ್ತು ಮನೆ ತುಂಬಿದಳು. ಏಳು ನಿಮಿಷ ಹಿಡಿಯಿತು. ಹನ್ನೊಂದನೆಯದಕ್ಕೆ ಕೈ ತಾನಾಗಿ ಹೋಯಿತು, ನಿಲ್ಲಿಸಬೇಕಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಹಲಗೆಯಿಂದ ಇನ್ನೂ ಬೇಕು ಎನ್ನುವ ಆಸೆಯಿಂದ ಎದ್ದಳು. ನಾಲ್ಕನೆಯ ದಿನದಿಂದ ಎರಡೋ ಮೂರೋ ಮನೆ ಕದ್ದು ತುಂಬತೊಡಗಿದಳು. ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ: ನಲವತ್ತಮೂರು ದಿನಕ್ಕೆ ನಾನೂರ ಮೂವತ್ತು ಮನೆ ಇರಬೇಕಾದಲ್ಲಿ ಐನೂರ ಹದಿನೇಳಿವೆ. ಎಂಬತ್ತೇಳು ಕದ್ದವು.

ಆದರೆ ಅವಳನ್ನು ಪ್ರತಿ ಬೆಳಿಗ್ಗೆ ಕೂರಿಸಿದ್ದು ಮಾವನ ಕಟ್ಟಳೆ ಒಂದೇ ಅಲ್ಲ. ದಿನಾ ಸಂಜೆ ಕಸ ಗುಡಿಸುವಾಗ ಅವಳು ಸುಗುಣಮ್ಮ ಎಸೆದ ಕಾಗದಗಳನ್ನು ಬಿಡಿಸಿ ಮನೆ ಎಣಿಸುತ್ತಿದ್ದಳು. ಒಂದು ದಿನ ಇನ್ನೂರು, ಒಂದು ದಿನ ಮುನ್ನೂರರ ಮೇಲೆ. ಸುಗುಣಮ್ಮ ಬರೆಯದೆ ಬಿಟ್ಟ ದಿನ ಶೇಖಮ್ಮನಿಗೆ ಊಟ ರುಚಿಸುತ್ತಿತ್ತು.

ನಲವತ್ತನಾಲ್ಕನೆಯ ದಿನ ಮಕ್ತಲದ ಸೀರೆ ವ್ಯಾಪಾರಿ ಭೀಮಯ್ಯ ಬಂದರು. ಗದ್ವಾಲದಲ್ಲಿ ಶಿವರಾತ್ರಿ ಕಳೆದ ಮೇಲೆ ಒಂದು ದೊಡ್ಡ ಮದುವೆ. ಮದುಮಗಳಿಗೆ ಸೆರಗಿನ ತುಂಬ ನವಿಲಿನ ಸೀರೆ ಬೇಕು, ಒಂದೊಂದು ಸಾಲಿಗೆ ಹನ್ನೊಂದು ನವಿಲು.

"ನೀವು ಬರೀತೀರೇನ್ರಿ, ದೇವೇಂದ್ರಪ್ನೋರೇ?" ಎಂದು ಭೀಮಯ್ಯ ಕೇಳಿದರು.

"ನನ್ನ ಕಣ್ಣು ನಿಮ್ಮ ಮೀಸಿನೂ ಕಾಣವಲ್ಲವು. ಸಣ್ಣ ಸೊಸಿ ಬರೀತಾಳ." ಆಮೇಲೆ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. "ಈ ಸೀರಿ ಚಂದ ಬಂತಂದ್ರ ಹಲಗಿ ಸುಗುಣಮ್ಮಂದು. ನನಗಿನ್ನ ಸಾಕು."

ರಾಟೆ ತಿರುಗಿಸುತ್ತಿದ್ದ ಶೇಖಮ್ಮನ ಕೈಯಲ್ಲಿ ನೂಲು ಹರಿಯಿತು. ಮಲ್ಲಣ್ಣ ತಿರುಗಿ ನೋಡಿದ. ಅವಳ ಕೈಯಲ್ಲಿ ನೂಲು ಹರಿದದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ.

ಸುಗುಣಮ್ಮ ಎರಡೇ ದಿನದಲ್ಲಿ ನವಿಲು ಬರೆದಳು. ಕುತ್ತಿಗೆ ಬಳುಕಿ, ತಲೆ ಹಿಂದಕ್ಕೆ ತಿರುಗಿ, ತನ್ನ ಗರಿಯನ್ನು ತಾನೇ ನೋಡಿಕೊಳ್ಳುವ ನವಿಲು. ಮಗ್ಗದ ಕಂಬಕ್ಕೆ ಅಂಟಿಸುವ ಮೊದಲು ಅವಳು ಕಾಗದವನ್ನು ಶೇಖಮ್ಮನ ಮುಂದೆ ಹಿಡಿದಳು.

"ಅಕ್ಕಾ, ಇಲ್ಲಿ ಹಣಿಗಿ ಲೆಕ್ಕ ನಿಮಗೇ ಗೊತ್ತು. ಒಮ್ಮೆ ನೋಡ್ರಿ."

ಶೇಖಮ್ಮ ನೋಡಿದಳು. ನೋಡಿದಳೆಂದರೆ ಎಣಿಸಿದಳು, ಅವಳಿಗೆ ನೋಡುವುದು ಹಾಗೆಯೇ. ಅಡ್ಡ ನಲವತ್ತೆಂಟು ಮನೆ, ಎತ್ತರ ಅರವತ್ತು ಮನೆ. ಒಂದು ಅಡ್ಡ ಮನೆಯೆಂದರೆ ಹಾಸಿನ ಒಂದು ಎಳೆ, ಒಂದು ಎತ್ತರದ ಮನೆಯೆಂದರೆ ಲಾಳಿ ಅಡ್ಡ ಹಾಯಿಸುವ ಹೊಕ್ಕಿನ ಒಂದು ಎಳೆ. ಈ ಮಗ್ಗದಲ್ಲಿ ಹಾಸು ಇಂಚಿಗೆ ಎಪ್ಪತ್ತೆರಡು, ಹೊಕ್ಕು ಇಂಚಿಗೆ ನಲವತ್ತೆಂಟೇ. ಎಂದರೆ ಕಾಗದದ ಮೇಲೆ ಚೌಕವಾಗಿ ಕಾಣುವುದು ಬಟ್ಟೆಯ ಮೇಲೆ ಚೌಕವಾಗಿರುವುದಿಲ್ಲ, ಒಂದೂವರೆ ಪಟ್ಟು ಎತ್ತರವಾಗುತ್ತದೆ. ಈ ನವಿಲು ಮುಕ್ಕಾಲು ಇಂಚಿಗೂ ಕಡಿಮೆ ಅಗಲ, ಒಂದೂಕಾಲು ಇಂಚು ಎತ್ತರ ಬರುತ್ತದೆ. ಕೊಕ್ಕರೆಯಾಗುತ್ತದೆ. ಸುಗುಣಮ್ಮನ ತವರಿನ ಮಗ್ಗದಲ್ಲಿ ಹಾಸು ಹೊಕ್ಕು ಎರಡೂ ಸಮವಿದ್ದವು. ಅಲ್ಲಿ ಬರೆದದ್ದು ಬರೆದ ಹಾಗೇ ಇಳಿಯುತ್ತಿತ್ತು. ಬೇರೆ ಮಗ್ಗದಲ್ಲಿ ಬೇರೆ ಲೆಕ್ಕವಿರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ದೇವೇಂದ್ರಪ್ಪ ಕಣ್ಣಿದ್ದಾಗ ಅಭ್ಯಾಸಬಲದಿಂದಲೇ ಕುಗ್ಗಿಸಿ ಬರೆಯುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳಿಕೊಡಬೇಕೆಂದು ಅವರಿಗೂ ಹೊಳೆದಿರಲಿಲ್ಲ.

ಇಷ್ಟೂ ಲೆಕ್ಕ ಶೇಖಮ್ಮನ ತಲೆಯಲ್ಲಿ ಮುಗಿಯಲು ಒಂದು ನಿಮಿಷ ಹಿಡಿದಿರಬಹುದು.

"ಹ್ಯಾಂಗೈತ್ರಿ ಅಕ್ಕಾ?"

"ಚಂದ ಐತಿ," ಎಂದಳು ಶೇಖಮ್ಮ.

ಅದು ಸುಳ್ಳಾಗಿರಲಿಲ್ಲ. ನಿಜಕ್ಕೂ ಚಂದವಿತ್ತು, ಅದೇ ಅವಳ ಸಂಕಟ.

ಸೆರಗಿನ ನವಿಲನ್ನು ಈ ಓಣಿಯಲ್ಲಿ ಬೋರಲಾಗಿ ನೇಯುತ್ತಾರೆ. ಬಣ್ಣದ ಎಳೆಗಳ ತುದಿ ಜೋತಾಡುವ ಹಿಂಬದಿ ಮೇಲಿರುತ್ತದೆ, ಮುಖ ಕೆಳಗೆ. ನೇಯುವವನಿಗೆ ನವಿಲು ಕಾಣುವುದಿಲ್ಲ, ಬಣ್ಣದ ಗಂಟುಗಳು ಕಾಣುತ್ತವೆ. ಅದಕ್ಕಾಗಿ ಒಂದು ಪದ್ಧತಿಯಿತ್ತು: ಮೊದಲ ಸಾಲು ಮುಗಿದ ಕೂಡಲೇ ನಕ್ಷೆ ಬರೆದವರು ಕುಣಿಗೆ ಇಳಿದು ಬಟ್ಟೆಯ ಕೆಳಗೆ ಕನ್ನಡಿ ಹಿಡಿಯಬೇಕು. ಮೂವತ್ತು ವರ್ಷ ಆ ಕನ್ನಡಿ ಹಿಡಿದವರು ದೇವೇಂದ್ರಪ್ಪ. ಅವರು ಆ ವಾರವೇ ಜ್ವರ ಬಂದು ಮಲಗಿದ್ದರು. ಸುಗುಣಮ್ಮನಿಗೆ ಪದ್ಧತಿ ಗೊತ್ತಿರಲಿಲ್ಲ. ಮಲ್ಲಣ್ಣನ ಮಟ್ಟಿಗೆ ಕನ್ನಡಿ ನಕ್ಷೆ ಬರೆದವರ ಚಿಂತೆ, ನೇಯುವವನದಲ್ಲ. ಗೊತ್ತಿದ್ದವಳು ರಾಟೆಯ ಮುಂದೆ ಕುಳಿತಿದ್ದಳು.

ಆ ದಿನಗಳಲ್ಲಿ ಶೇಖಮ್ಮ ಒಮ್ಮೆಯೂ ಪೆನ್ಸಿಲು ಕೆತ್ತುತ್ತ ಕೂರಲಿಲ್ಲ. ಎದ್ದವಳೇ ಹಲಗೆಯ ಮುಂದೆ ಹೋಗಿ ಕುಳಿತು, ಹತ್ತು ಮನೆಯ ಕಟ್ಟಳೆಯನ್ನು ಬದಿಗಿಟ್ಟು, ತನ್ನದೇ ನವಿಲು ಬರೆಯತೊಡಗಿದಳು. ಅಡ್ಡ ನಲವತ್ತೆಂಟು ಮನೆ, ಎತ್ತರ ನಲವತ್ತೇ. ದಿನಕ್ಕೆ ಅರವತ್ತೆಂಟು ಮನೆ ತುಂಬಿದಳು. ಎರಡು ವರ್ಷ ಬಾರದಿದ್ದ ಹುರುಪು ಈಗ ಬಂದಿತ್ತು, ಮತ್ತು ಅದು ಎಲ್ಲಿಂದ ಬಂದಿತೆಂದು ಅವಳಿಗೆ ಗೊತ್ತಿತ್ತು. ಮಗ್ಗದಲ್ಲಿ ಲಾಳಿ ಒಂದೊಂದು ಸಲ ಓಡಿದಾಗಲೂ ಸುಗುಣಮ್ಮನ ಹಕ್ಕಿ ಒಂದು ಎಳೆಯಷ್ಟು ಕೊಕ್ಕರೆಯಾಗುತ್ತಿತ್ತು. ಆ ಸದ್ದಿಗೆ ಶೇಖಮ್ಮನ ಪೆನ್ಸಿಲು ಓಡುತ್ತಿತ್ತು.

ಮೂರನೆಯ ದಿನ ಸುಗುಣಮ್ಮ ನೀರಿನ ಕೊಡ ಹೊತ್ತು ಹೋಗುವಾಗ ಬಗ್ಗಿ ನೋಡಿದಳು. ಕುಗ್ಗಿಸಿ ಬರೆದ ನವಿಲು ಕಾಗದದ ಮೇಲೆ ಕುಳ್ಳಗೆ, ಅಗಲವಾಗಿ ಕಾಣುತ್ತಿತ್ತು.

"ಅದೇಮ್ ಅಕ್ಕಾ! ನವಿಲೋ, ತತ್ತಿ ಮ್ಯಾಲ ಕುಂತ ಕೋಳಿಯೋ?"

ಪಕ್ಕದ ಮನೆಯ ತಿರುಪತಮ್ಮ ಬೆಂಕಿ ಕೇಳಲು ಬಂದಿದ್ದಳು. ಅವಳೂ ಬಗ್ಗಿದಳು. "ಕೋಳಿನ ಐತಿ ಬಿಡವ್ವಾ. ನಾಳಿಗೆ ತತ್ತಿ ಇಟ್ರ ನನಗೊಂದು ಕೊಡು, ಶೇಖಮ್ಮಾ."

ಇಬ್ಬರೂ ನಕ್ಕರು. ಸುಗುಣಮ್ಮನ ನಗೆಯಲ್ಲಿ ಕೆಡುಕಿರಲಿಲ್ಲ. ಅವಳು ತನ್ನ ಕೈಯಲ್ಲಿ ಸೀದ ರೊಟ್ಟಿಗೂ ಹಾಗೇ ನಗುತ್ತಿದ್ದಳು. ಮೂರು ದಿನದ ಮೌನದಿಂದ ಶೇಖಮ್ಮನ ನಾಲಿಗೆಯ ತುದಿಗೆ ಬಂದಿದ್ದ ಮಾತೊಂದು ಆಗ ಒಳಗೇ ಇಳಿದುಹೋಯಿತು. ನಗಲಿ, ಅಂದುಕೊಂಡಳು. ಕನ್ನಡಿ ಹಿಡಿದ ದಿನ ಯಾರು ನಗುತ್ತಾರೋ ನೋಡೋಣ.

ಒಂಬತ್ತನೆಯ ದಿನ ಜ್ವರ ಬಿಟ್ಟ ದೇವೇಂದ್ರಪ್ಪ ಗೋಡೆ ಹಿಡಿದು ಮಗ್ಗದ ಹತ್ತಿರ ಬಂದರು. ಅಷ್ಟರಲ್ಲಿ ಮೂರು ಸಾಲು ಮುಗಿದಿದ್ದವು. ಅವರು ಬಟ್ಟೆಯ ಕೆಳಗೆ ಕೈ ತೂರಿಸಿ ಹೆಬ್ಬೆರಳಿನಿಂದ ಒಂದು ನವಿಲನ್ನು ಅಡ್ಡ ಸವರಿದರು, ಉದ್ದ ಸವರಿದರು. ಮತ್ತೊಮ್ಮೆ ಸವರಿದರು.

"ಮಲ್ಲಣ್ಣಾ, ಕನ್ನಡಿ ತಾ."

ಸುಗುಣಮ್ಮ ತನ್ನ ಮದುವೆಯ ಕನ್ನಡಿಯನ್ನೇ ಓಡಿಹೋಗಿ ತಂದಳು. ಮಲ್ಲಣ್ಣ ಅದನ್ನು ಬಟ್ಟೆಯ ಕೆಳಗೆ ಹಿಡಿದ. ಎಲ್ಲರೂ ಬಗ್ಗಿದರು. ಕನ್ನಡಿಯಲ್ಲಿ ಮೂರು ಸಾಲು, ಸಾಲಿಗೆ ಹನ್ನೊಂದು, ಸಣಕಲು ಕುತ್ತಿಗೆಯ ಮೂವತ್ತಮೂರು ಹಕ್ಕಿಗಳು ನೆಟ್ಟಗೆ ನಿಂತಿದ್ದವು.

"ಏನ್ ಕಾಣ್ತೈತ್ಲೇ?" ದೇವೇಂದ್ರಪ್ಪ ಕೇಳಿದರು.

ಮಲ್ಲಣ್ಣ ತಲೆ ಕೆರೆದುಕೊಂಡ. "ಕೆರಿ ದಂಡಿ ಕಂಡಂಗ ಕಾಣ್ತೈತ್ಯಪ್ಪಾ. ಎಲ್ಲಾ ಕೊಕ್ಕರಿ."

ಬಾಗಿಲಲ್ಲಿದ್ದ ತಿರುಪತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆದರೆ ನಗೆ ಹೊರಗೆ ಬಂದೇಬಿಟ್ಟಿತು, ಸಂಜೆಯೊಳಗೆ ಓಣಿಯ ತುದಿ ಮುಟ್ಟಿತು.

"ನಮ್ಮ ಗದ್ವಾಲದಾಗ ಹಿಂಗ ಬರೀತಾರ್ರಿ," ಎಂದಳು ಸುಗುಣಮ್ಮ. ಅವಳ ದನಿ ಬಹಳ ಸಣ್ಣದಾಗಿತ್ತು. "ನಾನಾ ಹಿಂಗ ಬರೀತಿದ್ರು. ಸರಿ ಬರ್ತಿತ್ತು." ನಾನಾ ಎಂದರೆ ಅವಳ ತಂದೆ. ಸಂಕಟ ಬಂದಾಗ ಅವಳಿಗೆ ತೆಲುಗೇ ಮುಂದೆ ಬರುತ್ತಿತ್ತು.

"ನಿಮ್ಮಲ್ಲಿ ಹಾಸು ಹೊಕ್ಕು ಸಮ ಇರ್ತಾವವ್ವಾ. ಇಲ್ಲಿ ಹಂಗಿಲ್ಲ. ನಾ ಹೇಳ್ಬೇಕಿತ್ತು." ದೇವೇಂದ್ರಪ್ಪ ಹಿರಿಯ ಸೊಸೆ ಇದ್ದತ್ತ ತಿರುಗಿದರು. "ಶೇಖಮ್ಮಾ, ನೀ ಏನೋ ಬರಿಯಾಕತ್ತಿದ್ದೆಂತಲ್ಲ. ಎಷ್ಟು ಮನಿ ಅದು?"

"ಅಡ್ಡ ನಲವತ್ತೆಂಟ್ರಿ. ಎತ್ರ ನಲವತ್ತು."

ಮುದುಕರ ತುಟಿ ಲೆಕ್ಕ ಹಾಕುತ್ತ ಅಲುಗಿತು. ಅವರು ತಲೆಯಾಡಿಸಿದರು. "ಇದು ಸರಿ ಬರ್ತೈತಿ. ಹಲಗಿ ನೀ ತಗೋ."

ಹದಿಮೂರು ವರ್ಷ ಕಾದ ಮಾತು ಅಷ್ಟು ಚಿಕ್ಕದಾಗಿತ್ತು.

ತಪ್ಪಿದ ಮೂರು ಸಾಲನ್ನು ಬಿಚ್ಚಬೇಕಿತ್ತು: ಆರು ಇಂಚು, ಇನ್ನೂರ ಎಂಬತ್ತೆಂಟು ಹೊಕ್ಕಿನ ಎಳೆ. ಬಿಚ್ಚುವ ಕೆಲಸಕ್ಕೆ ಸುಗುಣಮ್ಮ ತಾನೇ ಕುಳಿತಳು. ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎತ್ತುತ್ತ, ತಲೆ ಎತ್ತದೆ, ಮೂರು ದಿನ. ಆ ಮೂರು ದಿನ ಒಲೆಯ ಮುಂದೆ ಇದ್ದಿಲ ಗಿಣಿ ಕಾಣಲಿಲ್ಲ.

ಶೇಖಮ್ಮ ಹಲಗೆಯ ಮುಂದೆ ಕುಳಿತಳು. ನವಿಲು ಹೆಚ್ಚುಕಡಿಮೆ ಮುಗಿದಿತ್ತು. ಕುತ್ತಿಗೆಯ ಗೆರೆ ಮಾತ್ರ ಸರಿಯಾಗಬೇಕಿತ್ತು. ಅವಳ ನವಿಲಿನ ಕುತ್ತಿಗೆ ಕೋಲಿನಂತೆ ನೆಟ್ಟಗಿತ್ತು. ಮೊದಲ ದಿನ ಅವಳು ಮೂರು ಸಲ ಒರೆಸಿದಳು. ಎರಡನೆಯ ದಿನ ಪೆನ್ಸಿಲು ಕೆತ್ತಿದಳು. ಮೂರನೆಯ ದಿನ ಹಲಗೆ ತೊಳೆದಳು.

ಪುಸ್ತಕದಲ್ಲಿ ಈ ಮೂರು ಹಾಳೆಗಳೂ ಕುಳಿತ ವೇಳೆಯಿಂದ ಶುರುವಾಗಿ ಅಲ್ಲಿಗೇ ನಿಂತಿವೆ. ಮೇಲುನೋಟಕ್ಕೆ ಹಳೆಯ ಕಾಯಿಲೆ ಮರಳಿ ಬಂದಂತಿತ್ತು. ಆದರೆ ಹಳೆಯದರಲ್ಲಿ ಅವಳಿಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಈಗ ತಿಳಿದಿತ್ತು; ಮಾಡಬೇಕಾದದ್ದು ಕಾಗದದ ಮೇಲೆ ಇರಲಿಲ್ಲ ಅಷ್ಟೆ. ಅವಳು ತಲೆ ಎತ್ತಿದಾಗೆಲ್ಲ ಎದುರಿಗೆ ಸೂಜಿ ಹಿಡಿದು ಕುಳಿತ ಬೆನ್ನು ಕಾಣುತ್ತಿತ್ತು. ಬಿಚ್ಚಿದ ಎಳೆಗಳನ್ನು ಸುಗುಣಮ್ಮ ಬಣ್ಣಬಣ್ಣಕ್ಕೆ ಬೇರೆ ಸುತ್ತಿಟ್ಟಿದ್ದಳು. ಆ ಸುತ್ತುಗಳೂ ಎಷ್ಟು ಒಪ್ಪವಾಗಿದ್ದವೆಂದರೆ, ಶೇಖಮ್ಮನಿಗೆ ಅವುಗಳ ಮೇಲೂ ಹೊಟ್ಟೆಕಿಚ್ಚಾಯಿತು. ಗೆದ್ದ ಮೇಲೆ ಈ ಕಿಚ್ಚು ಹೋಗುತ್ತದೆಂದು ಅವಳು ಅಂದುಕೊಂಡಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಶೇಖಮ್ಮ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದರ ಜಾಗ ಮೂವತ್ತು ವರ್ಷದಿಂದ ಕಿಟಕಿಯ ಕೆಳಗಿತ್ತು. ಅವಳು ಅದನ್ನು ಪಡಸಾಲೆಯ ನಡುವೆ ತಂದು ಸುಗುಣಮ್ಮನ ಮುಂದೆ ಇಟ್ಟಳು. ತಾನು ಎಡಕ್ಕೆ ಕುಳಿತಳು.

"ಈ ಕಡಿ ಕುಂದರು."

"ನಾ ಯಾಕ್ರಿ? ಹಲಗಿ ನಿಮ್ಮದು."

"ನನ್ನ ಕೋಳಿಗೆ ಕುತ್ತಿಗಿ ಬರವಲ್ದು. ನೀ ಹಾಕು."

ಸುಗುಣಮ್ಮ ಕೈಯಲ್ಲಿದ್ದ ನೂಲಿನ ಸುತ್ತು ಕೆಳಗಿಟ್ಟು ಕಾಗದ ನೋಡಿದಳು. "ಕೋಳಿ ಅಂದಿದ್ದಕ್ಕ ಸಿಟ್ಟೇನ್ರಿ ಇನ್ನಾ?"

"ಹ್ಞೂಂ. ಐತಿ."

ಸುಗುಣಮ್ಮನಿಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗೆ ಬಂತು. ಅವಳು ಪೆನ್ಸಿಲು ತೆಗೆದುಕೊಂಡು ಗೆರೆ ಎಳೆಯಹೋದಳು.

"ನಿಲ್ಲು. ಮೊದ್ಲ ಲೆಕ್ಕ ಕೇಳು," ಎಂದಳು ಶೇಖಮ್ಮ. "ಇಲ್ಲಿ ಅಡ್ಡ ಮೂರು ಮನಿ ಹೋದ್ರ ಎತ್ರ ಎರಡಾ. ನಿಮ್ಮ ಗದ್ವಾಲದಾಗ ಮೂರಕ್ಕ ಮೂರು. ಇಲ್ಲಿ ಮೂರಕ್ಕ ಎರಡು. ಕಣ್ಣಿಗೆ ಕುಳ್ಳ ಕಾಣ್ತೈತಿ, ಕಾಣ್ಲಿ. ಕನ್ನಡ್ಯಾಗ ಸರಿ ಆಗ್ತೈತಿ."

ಸುಗುಣಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಒಂದೇ ಉಸಿರಿನಲ್ಲಿ ಕುತ್ತಿಗೆ ಎಳೆದಳು. ಕುಳ್ಳ ನವಿಲು ತಲೆಯನ್ನು ಹಿಂದಕ್ಕೆ ತಿರುಗಿಸಿ ತನ್ನ ಗರಿಯನ್ನು ನೋಡಿಕೊಂಡಿತು. ಶೇಖಮ್ಮ ಹನ್ನೆರಡು ದಿನ ಹೆಣಗಿದ ಗೆರೆ ಅದು. ಹೊಟ್ಟೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಅವಳು ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು, ಏಳಲಿಲ್ಲ.

ಭೀಮಯ್ಯನವರ ಸೀರೆ ಶಿವರಾತ್ರಿ ಕಳೆದ ಆರನೆಯ ದಿನ ಗದ್ವಾಲ ಮುಟ್ಟಿತು. ಅಲ್ಲಿಂದ ಮುಂದೆ ಆ ಹಲಗೆಯಿಂದ ಹೊರಟ ನಕ್ಷೆಗಳಲ್ಲಿ ಲೆಕ್ಕ ಶೇಖಮ್ಮನದು, ಗೆರೆ ಸುಗುಣಮ್ಮನದು. ಓಣಿಯಲ್ಲಿ ಅವನ್ನು ನೆಗೆಣ್ಣೇರ ಸೀರೆ, ಎಂದರೆ ವಾರಗಿತ್ತಿಯರ ಸೀರೆ, ಎಂದು ಕರೆದರು. ಶೇಖಮ್ಮ ತನ್ನ ಬೆಳಗಿನ ಹತ್ತು ಮನೆಯನ್ನು ಬಿಡಲಿಲ್ಲ. ಸುಗುಣಮ್ಮ ಎಸೆದ ಕಾಗದಗಳನ್ನು ಎಣಿಸುವುದನ್ನೂ ಬಿಡಲಿಲ್ಲ, ಎದುರಿಗೇ ಎಣಿಸುತ್ತಿದ್ದಳು ಅಷ್ಟೆ. ಸುಗುಣಮ್ಮ ತಾನೇ ಬಿಡಿಸಿ ಕೈಗೆ ಕೊಡುತ್ತಿದ್ದಳು. ಆದರೆ ಇದೆಲ್ಲ ಸಾಧ್ಯವಾದದ್ದು ಆ ಮಧ್ಯಾಹ್ನ, ಕುತ್ತಿಗೆಯ ಗೆರೆ ಎಳೆದಾದ ಮೇಲೆ, ಸುಗುಣಮ್ಮ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರದಿಂದ.

ಸುಗುಣಮ್ಮ ಪೆನ್ಸಿಲು ಕೆಳಗಿಟ್ಟು ಮನೆಗಳನ್ನು ಬೆರಳಿನಿಂದ ಎಣಿಸಿದಳು. ನಲವತ್ತೆಂಟು. ನಲವತ್ತು. ಬೆರಳು ಅಲ್ಲೇ ನಿಂತಿತು.

"ಅಕ್ಕಾ, ಇದು ಕನ್ನಡಿ ಹಿಡಿದ ಮ್ಯಾಲ ಬರೆದಿದ್ದಲ್ಲ. ನಾ ಕೋಳಿ ಅಂದ ದಿನಾನೂ ಇದು ಕುಳ್ಳ ಇತ್ತು."

"ಹೌದು."

"ಅಂದ್ರ ನಿಮಗ ಮೊದ್ಲ ಗೊತ್ತಿತ್ತು."

ಹೊರಸಿನ ಮೇಲೆ ದೇವೇಂದ್ರಪ್ಪ ಹೊರಳಿದ ಸದ್ದಾಯಿತು. ಮಗ್ಗಕ್ಕೆ ಕೆಲಸವಿಲ್ಲದೆ ಗಂಡ ತಿರುಗಿಸುತ್ತಿದ್ದ ರಾಟೆ ನಿಂತಿತು. ಮಲ್ಲಣ್ಣನೂ ಕೇಳಿಸಿಕೊಂಡಿದ್ದ. ಆಗ ಕೈಗೆ ಬಂದಂತೆ ಬರೆದೆ, ಲೆಕ್ಕ ಹೊಳೆದದ್ದು ಆಮೇಲೆ ಎಂದು ಶೇಖಮ್ಮ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಯಾರೂ ಪುಸ್ತಕ ತೆಗೆದು ನೋಡುತ್ತಿರಲಿಲ್ಲ, ಹಲಗೆ ಅವಳದಾಗಿಯೇ ಉಳಿಯುತ್ತಿತ್ತು. ಆದರೆ ಅವಳು ಹದಿಮೂರು ವರ್ಷದಲ್ಲಿ ಆ ಮನೆಯಲ್ಲಿ ಯಾವ ಲೆಕ್ಕವನ್ನೂ ತಪ್ಪು ಹೇಳಿರಲಿಲ್ಲ.

"ಗೊತ್ತಿತ್ತು," ಎಂದಳು.

"ಕನ್ನಡಿ ಹಿಡಿಯೂಕಿಂತ ಎಷ್ಟು ದಿನ ಮೊದ್ಲ?"

"ಒಂಬತ್ತು."